ಬತ್ತಿದ ಕೆನ್ನೆ, ಗುಳಿ ಬಿದ್ದ ಕಣ್ಣು: ಸೂಜಿಗೆ ಮುಖ ಒಡ್ಡುವ ಮೊದಲು ಮತ್ತು ಆಮೇಲೆ

ಮದುವೆಮನೆಯಲ್ಲಿ ಸಿಕ್ಕ ನೆಂಟರು "ಏನ್ರೀ, ಇಷ್ಟೊಂದು ಇಳಿದುಹೋಗಿದ್ದೀರಿ, ಹುಷಾರಿರಲಿಲ್ವಾ?" ಎಂದು ಕೇಳುವುದು ಸುಕ್ಕು ನೋಡಿ ಅಲ್ಲ. ತೂಕ ಅಷ್ಟೇ ಇರುತ್ತದೆ, ಊಟ ನಿದ್ದೆ ಸರಿಯಾಗೇ ಇರುತ್ತದೆ. ಕೆನ್ನೆ ಬತ್ತಿರುತ್ತದೆ, ಕಣ್ಣಿನ ಕೆಳಗೆ ಗುಳಿ ಬಿದ್ದಿರುತ್ತದೆ, ಹಣೆಯ ಪಕ್ಕ ತಗ್ಗಾಗಿರುತ್ತದೆ. ಇದಕ್ಕೆ ವರ್ಷಗಟ್ಟಲೆ ಕ್ರೀಮು ಹಚ್ಚುವವರಿದ್ದಾರೆ. ಕ್ರೀಮು ಕೆಲಸ ಮಾಡುವುದು ಚರ್ಮದಲ್ಲಿ, ಖಾಲಿಯಾಗಿರುವುದು ಅದರ ಕೆಳಗೆ. ಎಷ್ಟು ದುಬಾರಿಯ ಡಬ್ಬಿಯಾದರೂ ಅಲ್ಲಿಗೆ ಇಳಿಯುವುದಿಲ್ಲ.

ಹಾಗೆಂದು ನೇರ ಫಿಲ್ಲರ್ ಇಂಜೆಕ್ಷನ್‌ಗೆ (ತಗ್ಗು ತುಂಬಲು ಚರ್ಮದ ಕೆಳಗೆ ಜೆಲ್ ಚುಚ್ಚಿಸಿಕೊಳ್ಳುವುದಕ್ಕೆ) ಹೊರಡುವುದೂ ಆತುರವೇ. ಹಾಸನ, ಚಿಕ್ಕಮಗಳೂರು ಕಡೆ ಕೆನ್ನೆ ಒಳಸೇರಲು ವಯಸ್ಸಿನ ಜೊತೆಗೆ ಕಳೆದುಹೋದ ದವಡೆಹಲ್ಲು, ಎಲೆಅಡಿಕೆ, ಬಿಸಿಲು, ಗೊತ್ತಿಲ್ಲದೆ ಏರಿದ ಸಕ್ಕರೆ ಇವೆಲ್ಲ ಸೇರಿರುತ್ತವೆ. ಅವನ್ನು ಬಿಟ್ಟು ಕೆನ್ನೆ ತುಂಬಿಸಿದರೆ ದುಡ್ಡು ಕರಗುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ.

ಖಾಲಿಯಾಗುವುದು ಏನು

ಮುಖದ ಕೊಬ್ಬು ಒಂದೇ ಹಾಸಾಗಿ ಹರಡಿರುವುದಿಲ್ಲ, ಗೂಡು ಗೂಡಾಗಿ ಇರುತ್ತದೆ. 2007ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ರೋರಿಚ್ ಮತ್ತು ಪೆಸ್ಸಾ ಮೃತದೇಹಗಳ ಮುಖಕ್ಕೆ ಬಣ್ಣ ಚುಚ್ಚಿ, ಅದು ಯಾವ ಗೂಡಿನಲ್ಲಿ ನಿಲ್ಲುತ್ತದೆಂದು ನೋಡಿ ಇದನ್ನು ತೋರಿಸಿದರು. ವಯಸ್ಸಾದಂತೆ ಎಲ್ಲ ಗೂಡೂ ಒಂದೇ ಸಮ ಕರಗುವುದಿಲ್ಲ. ಕೆನ್ನೆಯ ಆಳದಲ್ಲಿರುವ ಕೊಬ್ಬು ಕಡಿಮೆಯಾದಾಗ ಅದರ ಮೇಲೆ ನಿಂತಿದ್ದದ್ದು ಕೆಳಗೆ ಜಗ್ಗಿದಂತೆ ಕಾಣುತ್ತದೆ. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆ ಆಳವಾಗುವುದು ಬಹುತೇಕ ಹೀಗೆ. ತೊಂದರೆ ಇರುವುದು ಕೆನ್ನೆಯಲ್ಲಿ, ಕಾಣಿಸಿಕೊಳ್ಳುವುದು ಗೆರೆಯಲ್ಲಿ.

ಕೊಬ್ಬಿನ ಕೆಳಗೆ ಮೂಳೆಯೂ ಸವೆಯುತ್ತದೆ. ಕಣ್ಣುಗೂಡಿನ ಅಂಚು ಅಗಲವಾಗುತ್ತದೆ, ಮೇಲ್ದವಡೆ ಹಿಂದೆ ಸರಿಯುತ್ತದೆ. ಹಲ್ಲು ಹೋದ ಕಡೆ ದವಡೆಯ ಏಣು ಬೇಗ ತಗ್ಗುತ್ತದೆ, ಅದರಲ್ಲೂ ಕೀಳಿಸಿದ ಮೊದಲ ವರ್ಷದಲ್ಲೇ ಹೆಚ್ಚು. ಚರ್ಮಕ್ಕೆ ಬಿಗಿ ಕೊಡುವ ಕೊಲ್ಯಾಜನ್ ಎಂಬ ಪ್ರೋಟೀನು ಪ್ರಾಯದಿಂದಲೇ ವರ್ಷಕ್ಕೆ ಶೇ 1ರ ಲೆಕ್ಕದಲ್ಲಿ ಇಳಿಯುತ್ತ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ 5 ವರ್ಷದಲ್ಲಿ ಸುಮಾರು ಶೇ 30ರಷ್ಟು ಹೋಗುತ್ತದೆ. ಐವತ್ತರ ಆಸುಪಾಸಿನಲ್ಲಿ ಮುಖ "ಒಮ್ಮೆಲೇ" ಇಳಿದಂತೆ ಅನಿಸುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲೇ ಪರೀಕ್ಷೆ

ಸೆಲ್ಫಿಯನ್ನು ನಂಬಬೇಡಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕೆನ್ನೆ ಹಿಂದೆ ಸರಿದಂತೆ ಬರುತ್ತದೆ. ಕಿಟಕಿಗೆ ಎದುರಾಗಿ ನಿಂತು, ಒಂದೂವರೆ ಮೀಟರ್ ದೂರದಿಂದ ಬೇರೆಯವರ ಕೈಲಿ ಐದು ಫೋಟೋ ತೆಗೆಸಿಕೊಳ್ಳಿ: ಎದುರು, ಎಡ ಓರೆ, ಬಲ ಓರೆ, ಎರಡು ಪಕ್ಕ. ನಗಬೇಡಿ. ಪಕ್ಕದಲ್ಲಿ 25-30ರ ವಯಸ್ಸಿನ ಹಳೆಯ ಫೋಟೋ ಇಟ್ಟು ನೋಡಿ. ಕೆಲವರ ಕೆನ್ನೆ ಹುಟ್ಟಿನಿಂದಲೇ ಚಪ್ಪಟೆ. ಇಲ್ಲದ್ದನ್ನು "ಮರಳಿಸುವ" ಪ್ರಶ್ನೆ ಬರುವುದಿಲ್ಲ.

ಆಮೇಲೆ ಅಂಗಾತ ಮಲಗಿ ಕನ್ನಡಿಯನ್ನು ಮುಖದ ಮೇಲೆ ಹಿಡಿಯಿರಿ. ಮಲಗಿದಾಗ ಮುಖ ಚೆನ್ನಾಗಿ ಕಂಡು, ಕೂತಾಗ ಕೆಟ್ಟರೆ ಅದು ಹೆಚ್ಚಾಗಿ ಜೋಲು. ಮಲಗಿದಾಗಲೂ ತಗ್ಗು ತಗ್ಗಾಗೇ ಉಳಿದರೆ ಅಲ್ಲಿ ನಿಜಕ್ಕೂ ತುಂಬು ಕಡಿಮೆಯಾಗಿದೆ. ಜೋಲನ್ನು ಫಿಲ್ಲರ್ ತುಂಬಿಸಿ ಎತ್ತಲು ಹೊರಟರೆ ಮುಖ ದಪ್ಪವಾಗಿ ಊದಿಕೊಂಡು ಕಾಣುತ್ತದೆ, ಎಳೆಯದಾಗಿ ಅಲ್ಲ.

ಕಣ್ಣಿನ ಕೆಳಗಿನದ್ದು ಸ್ವಲ್ಪ ಗೊಂದಲದ ಜಾಗ. ತಲೆ ಆಡಿಸದೆ ಕಣ್ಣು ಮಾತ್ರ ಮೇಲೆತ್ತಿ. ಉಬ್ಬು ಹೆಚ್ಚಾದರೆ ಅದು ಮುಂದೆ ತಳ್ಳಿದ ಕೊಬ್ಬು. ಬೆಳಿಗ್ಗೆ ಊದಿ ಮಧ್ಯಾಹ್ನಕ್ಕೆ ಇಳಿದರೆ ನೀರು ತುಂಬಿದ್ದು. ದೀಪದ ದಿಕ್ಕು ಬದಲಿಸಿದಾಗ ಮಾಯವಾದರೆ ಗುಳಿಯ ನೆರಳು. ಯಾವ ಬೆಳಕಿನಲ್ಲೂ ಕಪ್ಪಾಗೇ ಇದ್ದರೆ ಬಣ್ಣ. ಈ ನಾಲ್ಕರಲ್ಲಿ ಫಿಲ್ಲರ್ ಕೇಳುವುದು ಗುಳಿಯೊಂದೇ. ನೀರು ತುಂಬುವ ಕಣ್ಣಿಗೆ ಹಾಕಿದರೆ ಊತ ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ಆ ಜೆಲ್‌ನ ಗುಣವೇ ನೀರು ಹಿಡಿಯುವುದು.

ಕೊನೆಯದು ಬಾಯಿ. ನೆಟ್ಟಗೆ ಮೂರು ಬೆರಳು ಜೋಡಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲು ಆಗುತ್ತದೆಯೇ ನೋಡಿ. ಅಡಿಕೆ, ಗುಟ್ಕಾ ಅಗಿಯುವವರಿಗೆ ಇದು ಆಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬೆಳ್ಳಗೆ ಬಿಗಿದು ಹುರಿಯಂತೆ ಕೈಗೆ ಸಿಕ್ಕರೆ, ಕೆನ್ನೆ ಒಳಕ್ಕೆ ಎಳೆದಿರುವುದು ವಯಸ್ಸಿನಿಂದಲ್ಲ. ಕೆನ್ನೆಯ ಒಳಪದರ ನಾರುಗಟ್ಟುವ ಕಾಯಿಲೆಯಿದು, ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಲ್ಲದು. ಅಡಿಕೆಯನ್ನು ಅವತ್ತೇ ಬಿಟ್ಟು ದಂತವೈದ್ಯರಿಗೆ ತೋರಿಸಿ. ಹಾಸನದ ಹಾಸನಾಂಬಾ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಇದನ್ನು ನೋಡುವ ಪ್ರತ್ಯೇಕ ವಿಭಾಗವೇ ಇರುತ್ತದೆ. ಇಂಥ ಕೆನ್ನೆಗೆ ಫಿಲ್ಲರ್ ಹಾಕಿ ಎಂದು ಕೇಳುವುದೇ ತಪ್ಪು.

ಸೂಜಿಗೆ ಮೊದಲು ಮುಗಿಸಬೇಕಾದ್ದು

ಪ್ರಯತ್ನವಿಲ್ಲದೆ 6ರಿಂದ 12 ತಿಂಗಳಲ್ಲಿ ದೇಹದ ತೂಕದ ಶೇ 5ಕ್ಕಿಂತ ಹೆಚ್ಚು ಇಳಿದಿದ್ದರೆ (60 ಕೆಜಿ ಇದ್ದವರಿಗೆ 3 ಕೆಜಿ) ಮೊದಲು ಫಿಸಿಷಿಯನ್ ಹತ್ತಿರ ಹೋಗಿ. ಊಟಕ್ಕೆ ಮುಂಚಿನ ಸಕ್ಕರೆ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಥೈರಾಯ್ಡ್, ರಕ್ತಹೀನತೆ ಇಷ್ಟು ಪರೀಕ್ಷೆ ಯಾವ ತಾಲೂಕಿನಲ್ಲಾದರೂ ಆಗುತ್ತದೆ. ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯದ ಪರೀಕ್ಷೆಯೂ ಬೇಕು. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಇವೆಲ್ಲ ಒಂದೇ ಕಡೆ ಮುಗಿಯುತ್ತವೆ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಿಗೆ (2025ರಿಂದ ನಮ್ಮಲ್ಲೂ ಇವುಗಳ ಬಳಕೆ ಹೆಚ್ಚಿದೆ) ಮುಖ ಬೇಗ ಬತ್ತುತ್ತದೆ. ಅವರು ತೂಕ ಒಂದು ಕಡೆ ನಿಂತು ಮೂರರಿಂದ ಆರು ತಿಂಗಳಾಗುವವರೆಗೆ ಫಿಲ್ಲರ್ ಮಾತು ಎತ್ತಬಾರದು. ಇಳಿಯುತ್ತಿರುವ ಮುಖಕ್ಕೆ ಅಳತೆ ಸಿಗುವುದಿಲ್ಲ.

ಹಲ್ಲಿನ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ದವಡೆಹಲ್ಲು ಹೋಗಿ ವರ್ಷಗಳಾದವರ ಮುಖದ ಕೆಳಗಿನ ಮೂರನೇ ಒಂದು ಭಾಗ ಮಡಚಿಕೊಳ್ಳುತ್ತದೆ: ಗದ್ದ ಮೂಗಿನ ಕಡೆ ಏರುತ್ತದೆ, ತುಟಿ ಒಳಸೇರುತ್ತದೆ, ಬಾಯಿಯ ತುದಿಯಲ್ಲಿ ಜೊಲ್ಲು ನಿಂತು ಬಿರುಕು ಬಿಡುತ್ತದೆ. ಎತ್ತರ ಸರಿಯಾಗಿ ಅಳೆದು ಮಾಡಿದ ಹೊಸ ಸೆಟ್ಟು ಹಲ್ಲು ಇದರಲ್ಲಿ ಎಷ್ಟೋ ಪಾಲು ಸರಿಪಡಿಸುತ್ತದೆ. ಇರುವ ಸೆಟ್ಟು ಸಡಿಲವಾಗಿದ್ದರೆ, ತೆಗೆದಿಡುವುದೇ ಹೆಚ್ಚಾಗಿದ್ದರೆ, ಅದು ಕೂರುವ ದವಡೆ ಸವೆದಿದೆ ಎಂದರ್ಥ. ಒಳಮೈಗೆ ಹೊಸ ಪದರ ಹಾಕಿಸಬಹುದು. ಐದಾರು ವರ್ಷ ಹಳೆಯದಾದರೆ ಹೊಸದನ್ನೇ ಮಾಡಿಸುವುದು ಲೇಸು. ಕೆನ್ನೆ ತೀರಾ ಒಳಸೇರಿದ್ದರೆ ಸೆಟ್ಟಿನ ಪಕ್ಕಕ್ಕೆ ಕೆನ್ನೆಯನ್ನು ಹೊರಗೆ ತಳ್ಳುವ ದಪ್ಪ ಭಾಗ ಸೇರಿಸುವ ಪದ್ಧತಿಯೂ ಇದೆ, ಹಲ್ಲು ಕಟ್ಟುವ ತಜ್ಞರನ್ನು ಕೇಳಿ. ಫಿಲ್ಲರ್ ಹಾಕಿಸುವ ಯೋಚನೆ ಇದ್ದರೂ ಹಲ್ಲು ಮೊದಲು ಮುಗಿಯಲಿ. ಬಾಯಿಯಲ್ಲಿ ಕೀವು ಇಟ್ಟುಕೊಂಡು ಕೆನ್ನೆಗೆ ಜೆಲ್ ಹಾಕಿಸಿದರೆ ಆ ಸೋಂಕು ಜೆಲ್ ಸುತ್ತ ಹೋಗಿ ಕೂರಬಹುದು. ಹಲ್ಲಿನ ಕೆಲಸಕ್ಕೂ ಫಿಲ್ಲರ್‌ಗೂ ಕನಿಷ್ಠ ಎರಡು ವಾರ ಅಂತರ ಇರಲಿ.

ಬಿಸಿಲು. ಚಿಕ್ಕಮಗಳೂರು, ಹಾಸನ ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸು. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಶೇ 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿರುವುದರಿಂದ ಸುಡುವುದು ಗೊತ್ತಾಗುವುದಿಲ್ಲ, ಮೋಡವೂ ಅದನ್ನು ಪೂರ್ತಿ ತಡೆಯುವುದಿಲ್ಲ. ಕಾಫಿ ತೋಟದ ನೆರಳಿನಲ್ಲಿ ಕೆಲಸ ಮಾಡುವವರಿಗಿಂತ ಸಿಮೆಂಟು ಕಣದಲ್ಲಿ ಕಾಫಿ ಹರವಿ ಕೈಯಾಡಿಸುವವರಿಗೆ, ಕಡೂರು-ಅರಸೀಕೆರೆ ಕಡೆಯ ಬಯಲಿನಲ್ಲಿ ಓಡಾಡುವವರಿಗೆ ಏಟು ಹೆಚ್ಚು. ಎಸ್‌ಪಿಎಫ್ 30 ಅಥವಾ ಮೇಲಿನ, ಪಿಎ ಮೂರು ಪ್ಲಸ್ ಇರುವ ಸನ್‌ಸ್ಕ್ರೀನ್ ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಾಕಿಕೊಂಡು ಮುಖ-ಕತ್ತಿಗೆ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಟಾಣಿ ಕಾಳಿನಷ್ಟು ಹಚ್ಚಿದರೆ ಲೇಬಲ್ಲಿನ ಮೇಲಿನ ಸಂಖ್ಯೆಗೆ ಬೆಲೆಯಿಲ್ಲ. ಬಟಾಣಿಯ ಅಳತೆ ರಾತ್ರಿ ಹಚ್ಚುವ ಟ್ರೆಟಿನಾಯಿನ್‌ಗೆ (ವಿಟಮಿನ್ ಎ ಜಾತಿಯ ಕ್ರೀಮು): ಶೇ 0.025ರದು, ವಾರಕ್ಕೆ ಎರಡು ರಾತ್ರಿಯಿಂದ ಶುರು, ವೈದ್ಯರ ಚೀಟಿ ಮೇಲೆ. ಬಸಿರಿಯರಿಗೆ ಬೇಡ. ಇದು ಚರ್ಮವನ್ನು ಗಟ್ಟಿ ಮಾಡುತ್ತದೆ, ಗುಳಿ ತುಂಬುವುದಿಲ್ಲ. ಬೀಡಿ ಸಿಗರೇಟು ಬಿಡುವುದರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ.

ಮುಖದ ವ್ಯಾಯಾಮ? ಪೂರ್ತಿ ಸುಳ್ಳಲ್ಲ. 2018ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಣ್ಣ ಅಧ್ಯಯನವೊಂದರಲ್ಲಿ 20 ವಾರ ಮುಗಿಸಿದ 16 ಮಹಿಳೆಯರ ಕೆನ್ನೆ ಕೊಂಚ ತುಂಬಿದಂತೆ ಕಂಡಿತು. ಆದರೆ ಅವರು ಮೊದಲ ಎಂಟು ವಾರ ದಿನಕ್ಕೆ ಅರ್ಧ ಗಂಟೆ, ಆಮೇಲೆ ದಿನ ಬಿಟ್ಟು ದಿನ ಮಾಡಿದ್ದರು. ಬಾಯಿಯನ್ನು "ಓ" ಆಕಾರಕ್ಕೆ ತೆರೆದು, ಮೇಲ್ತುಟಿಯನ್ನು ಹಲ್ಲಿನ ಮೇಲೆ ಮಡಚಿ, ನಕ್ಕು ಕೆನ್ನೆ ಎತ್ತಿ, ಬೆರಳನ್ನು ಕೆನ್ನೆಯ ಮೇಲೆ ಹಗುರವಾಗಿಟ್ಟು ಇಳಿಸುವುದು, ಎತ್ತುವುದು. ಇದರಿಂದ ಸ್ನಾಯು ಬೆಳೆಯಬಹುದು, ಕರಗಿದ ಕೊಬ್ಬು ಮರಳುವುದಿಲ್ಲ. ಪುರಸೊತ್ತಿದ್ದವರು ಮಾಡಲಿ.

ಫಿಲ್ಲರ್: ಯಾರ ಹತ್ತಿರ, ಎಷ್ಟು, ಎಲ್ಲಿ

ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಸಿಡ್ ಜೆಲ್. ಒಂದು ಸಿರಿಂಜಿನಲ್ಲಿ ಬರುವುದು 1 ಮಿಲಿಲೀಟರ್, ಎಂದರೆ ಔಷಧಿ ಕುಡಿಯುವ ಚಮಚದ ಐದನೇ ಒಂದು ಭಾಗ. ಒಂದು ಸಿರಿಂಜಿನಿಂದ ಇಡೀ ಮುಖ ಬದಲಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನ್ಯವಾಗಿ ಕೆನ್ನೆಗೆ ಒಂದೊಂದು ಬದಿಗೆ ಅರ್ಧದಿಂದ 1 ಮಿಲಿ, ಹಣೆಯ ಪಕ್ಕಕ್ಕೆ ಬದಿಗೆ 1 ಮಿಲಿ ತನಕ, ಕಣ್ಣಿನ ಕೆಳಗೆ ಬದಿಗೆ 0.2ರಿಂದ 0.5 ಮಿಲಿ ಹೋಗುತ್ತದೆ. ಸಿರಿಂಜಿಗೆ ಸುಮಾರು 15ರಿಂದ 30 ಸಾವಿರ ರೂಪಾಯಿ. ಜಿಎಸ್‌ಟಿ ಸೇರಿಯೋ ಬಿಟ್ಟೋ ಮೊದಲೇ ಕೇಳಿ. ಆರೋಗ್ಯ ವಿಮೆ ಇದನ್ನು ಕೊಡುವುದಿಲ್ಲ. ಬಾಳಿಕೆ 6ರಿಂದ 18 ತಿಂಗಳು, ತುಟಿಯಂಥ ಓಡಾಟದ ಜಾಗದಲ್ಲಿ ಕಡಿಮೆ.

ಕ್ರಮ ಮುಖ್ಯ. ಮೊದಲು ಕೆನ್ನೆಯ ಆಳ ಮತ್ತು ಹಣೆಯ ಪಕ್ಕ, ಎರಡು ವಾರ ಬಿಟ್ಟು ನೋಡಿ ಕಣ್ಣಿನ ಕೆಳಗೆ, ಆಮೇಲೂ ಉಳಿದರೆ ಮಾತ್ರ ಮೂಗಿನ ಪಕ್ಕದ ಗೆರೆ. ಕೆನ್ನೆ ಎದ್ದಾಗ ಗೆರೆ ತಾನಾಗಿ ಅರ್ಧ ಕಡಿಮೆಯಾಗುವುದುಂಟು. ಗೆರೆಯನ್ನೇ ಹಿಡಿದು ತುಂಬಿಸುವವರು ಬಾಯಿಯ ಸುತ್ತ ಭಾರ ಹೇರುತ್ತಾರೆ, ನಕ್ಕಾಗ ಅದು ಗೊತ್ತಾಗಿಬಿಡುತ್ತದೆ. ಕಣ್ಣಿನ ಕೆಳಗೆ ಜೆಲ್ ತೀರಾ ಮೇಲ್ಪದರದಲ್ಲಿ ಕೂತರೆ ಚರ್ಮದೊಳಗಿಂದ ನೀಲಿ ಛಾಯೆ ಹೊಳೆಯುತ್ತದೆ. ಅದು ಏಟಿನ ಕಲೆಯಂತೆ ವಾರದಲ್ಲಿ ಹೋಗುವಂಥದ್ದಲ್ಲ, ಕರಗಿಸಬೇಕು.

ವೈದ್ಯರ ಅರ್ಹತೆ: ಎಂಬಿಬಿಎಸ್ ಮೇಲೆ ಚರ್ಮರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಕ್ಲಿನಿಕ್ಕಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಮಾಣಪತ್ರ ಗೋಡೆಯ ಮೇಲಿರಬೇಕು. ಬ್ಯೂಟಿ ಪಾರ್ಲರಿನಲ್ಲಿ "ಸೂಜಿಯಿಲ್ಲದ ಪೆನ್ನು" ಎಂದು ಒತ್ತಡದಿಂದ ಜೆಲ್ ನುಗ್ಗಿಸುವ ಸಾಧನ ಬಂದರೆ ಎದ್ದು ಬನ್ನಿ. ಎಷ್ಟು ಆಳಕ್ಕೆ ಹೋಗುತ್ತದೆಂಬ ಹಿಡಿತ ಅದರಲ್ಲಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಇದರ ವಿರುದ್ಧ ಎಚ್ಚರಿಸಿದೆ. ಸಿಲಿಕೋನ್‌ನಂಥ "ಶಾಶ್ವತ" ಫಿಲ್ಲರ್ ಬೇಡವೇ ಬೇಡ. ಮುಖ ಬದಲಾಗುತ್ತಲೇ ಇರುತ್ತದೆ, ಅದು ಮಾತ್ರ ಅಲ್ಲೇ ಗಂಟಾಗಿ ಕೂರುತ್ತದೆ.

ಕೇಳಲೇಬೇಕಾದ ಒಂದು ಪ್ರಶ್ನೆ: "ಹಯಲುರಾನಿಡೇಸ್ ಈಗ ಇಲ್ಲಿ ಫ್ರಿಜ್ಜಿನಲ್ಲಿದೆಯಾ?" ಜೆಲ್ ಕರಗಿಸುವ ಔಷಧಿ ಅದು. "ತರಿಸಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಜೇನುಹುಳ, ಕಣಜ ಕಚ್ಚಿ ಮೈಯೆಲ್ಲ ದದ್ದು ಎದ್ದಿದ್ದು, ಉಸಿರು ಕಟ್ಟಿದ್ದು ಹಿಂದೆ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಆ ಹುಳಗಳ ವಿಷದಲ್ಲೂ ಇದೇ ಕಿಣ್ವ ಇದೆ, ಹಾಗಾಗಿ ಕರಗಿಸುವ ಔಷಧಿಗೇ ಅಲರ್ಜಿ ಆಗಬಹುದು. ತೋಟದ ಕಡೆಯವರು ಇದನ್ನು ಹೇಳಲು ಮರೆಯುತ್ತಾರೆ, ಕೇಳುವವರೂ ಕಡಿಮೆ.

ಬಸಿರು, ಹಾಲೂಡಿಸುವ ಸಮಯ, ಮುಖದ ಮೇಲೆ ಕೀವಿನ ಮೊಡವೆ, ತುಟಿಯ ಮೇಲೆ ಸರ್ಪಸುತ್ತಿನ ಜಾತಿಯ ಹುಣ್ಣು, ಜ್ವರ ಇದ್ದಾಗ ಮುಂದೂಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಅದನ್ನು ತಾವಾಗೇ ನಿಲ್ಲಿಸಕೂಡದು. ಮುಖ ಸ್ವಲ್ಪ ನೀಲಿಗಟ್ಟಿದರೆ ಏನೂ ಮುಳುಗಿಹೋಗುವುದಿಲ್ಲ, ಸ್ಟೆಂಟ್ ಮುಚ್ಚಿದರೆ ಜೀವಕ್ಕೇ ಬರುತ್ತದೆ. ಮನೆಯ ಮದುವೆ, ಗೃಹಪ್ರವೇಶ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲು ಮುಗಿಸಿ.

ಅಂದಿನ ದಿನ

ಗುರುತು ಹಾಕುವುದು ನೀವು ಕೂತಿರುವಾಗ. ಮಲಗಿಸಿ ಗುರುತು ಹಾಕಿದರೆ ಗುಳಿಯ ಜಾಗವೇ ಬೇರೆಯಾಗುತ್ತದೆ. ಮರಗಟ್ಟಿಸುವ ಕ್ರೀಮು ಹಚ್ಚಿ 30ರಿಂದ 45 ನಿಮಿಷ ಬಿಡುತ್ತಾರೆ. ಸಿರಿಂಜಿನ ಡಬ್ಬಿ ನಿಮ್ಮ ಕಣ್ಣೆದುರು ಒಡೆಯಬೇಕು. ಡಬ್ಬಿಯಲ್ಲಿ ಬರುವ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಒಂದನ್ನು ನಿಮ್ಮ ಕಡತಕ್ಕೆ ಅಂಟಿಸಿಕೊಳ್ಳಿ, ಆರು ತಿಂಗಳ ಮೇಲೆ ಗಂಟು ಎದ್ದರೆ ಒಳಗಿರುವುದೇನೆಂದು ಹೇಳುವುದು ಅದೇ. "ಉಳಿದದ್ದನ್ನು ಎತ್ತಿಟ್ಟು ಮುಂದಿನ ಸಲ ಹಾಕೋಣ" ಎಂದರೆ ಬೇಡ ಎನ್ನಿ. ಸೂಜಿಯ ಬದಲು ಕ್ಯಾನ್ಯುಲಾ ಎಂಬ ತುದಿ ಮೊಂಡಾದ ತೆಳು ಕೊಳವೆ ಬಳಸಿದರೆ ರಕ್ತನಾಳಕ್ಕೆ ಚುಚ್ಚುವ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಎರಡು ದಿನ ಬೆವರುವ ಕೆಲಸ, ಹಂಡೆಯ ಬಿಸಿನೀರಿನ ಎಣ್ಣೆಸ್ನಾನ, ನೆಗಡಿಗೆ ಹಬೆ, ಮದ್ಯ ಬೇಡ. ತಲೆದಿಂಬು ಎತ್ತರಿಸಿ ಮಲಗಿ. ಎರಡು ವಾರ ಫೇಶಿಯಲ್, ಮಸಾಜ್ ಇಲ್ಲ. ಊತ ಎರಡು ಮೂರು ದಿನ, ನೀಲಿ ಕಲೆ ಏಳರಿಂದ ಹತ್ತು ದಿನ. ಎರಡು ವಾರದ ಮುಂಚೆ ಕನ್ನಡಿ ನೋಡಿ ತೀರ್ಮಾನಿಸಬೇಡಿ.

ರಕ್ತನಾಳ ಕಟ್ಟಿಕೊಂಡರೆ

ಜೆಲ್ ರಕ್ತನಾಳದೊಳಗೆ ಹೋದರೆ ಅಥವಾ ಹೊರಗಿನಿಂದ ಅದನ್ನು ಅದುಮಿದರೆ ಆ ಜಾಗದ ಚರ್ಮ ಸಾಯುತ್ತದೆ. ಹುಬ್ಬಿನ ನಡುವೆ ಮತ್ತು ಮೂಗಿನ ಮೇಲೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಗುರುತುಗಳು: ಚರ್ಮ ಬಿಳಿಚುವುದು, ಆಮೇಲೆ ಬಲೆಬಲೆಯಾಗಿ ನೇರಳೆ ಬಣ್ಣ, ಸಾಧಾರಣಕ್ಕಿಂತ ಮೀರಿದ ನೋವು. ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಎರಡು ಸೆಕೆಂಡಿನಲ್ಲಿ ಮರಳಬೇಕು, ಮೂರು ದಾಟಿದರೆ ವೈದ್ಯರಿಗೆ ಫೋನ್ ಮಾಡಿ. ಐಸ್ ಇಡಬೇಡಿ, ಬೆಚ್ಚಗಿನ ಬಟ್ಟೆ ಇಡಿ. ಹಯಲುರಾನಿಡೇಸ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ಒಂದು ಕಣ್ಣು ಮಂಜಾದರೆ, ಕತ್ತಲಾದರೆ ಕಾಯುವ ಮಾತೇ ಇಲ್ಲ. ಅಕ್ಷಿಪಟಲಕ್ಕೆ ರಕ್ತ ನಿಂತರೆ ಕೈಯಲ್ಲಿರುವುದು ಒಂದು, ಒಂದೂವರೆ ಗಂಟೆ ಅಷ್ಟೇ.

ಕೆಲವೊಮ್ಮೆ ಇದು ಕ್ಲಿನಿಕ್ಕಿನಿಂದ ಹೊರಟ ಮೇಲೆ, ಗಂಟೆಗಳ ನಂತರ ತಿಳಿಯುತ್ತದೆ. ಬೆಂಗಳೂರು ಅಥವಾ ಮಂಗಳೂರಿನಲ್ಲಿ ಹಾಕಿಸಿಕೊಂಡು ಅದೇ ಸಂಜೆ ಬಸ್ಸು ಹತ್ತುವ ನಮ್ಮ ಕಡೆಯವರ ಅಭ್ಯಾಸ ಅದಕ್ಕೇ ಕೆಟ್ಟದ್ದು. ಚಾರ್ಮಾಡಿ, ಶಿರಾಡಿ ಘಾಟಿಯ ನಡುವೆ ಕೆನ್ನೆ ಬಿಳಿಚಿಕೊಂಡರೆ ಮುಂದೆ ಹೋಗುವುದೋ ಹಿಂದೆ ಹೋಗುವುದೋ ತಿಳಿಯದು, ಮೂಡಿಗೆರೆ, ಕೊಪ್ಪದ ಎಷ್ಟೋ ತೋಟದ ಮನೆಗಳಲ್ಲಿ ಫೋನಿಗೆ ಸಿಗ್ನಲ್ಲೇ ಸಿಗದು. ಅವತ್ತು ರಾತ್ರಿ ಅದೇ ಊರಿನಲ್ಲಿ ಉಳಿಯಿರಿ. ಬೆಳಿಗ್ಗೆ ತೋರಿಸಿಯೇ ಹೊರಡಿ. ವೈದ್ಯರ ರಾತ್ರಿ ಫೋನ್ ಸಂಖ್ಯೆ ಚೀಟಿಯಲ್ಲಿ ಬರೆಸಿಕೊಳ್ಳಿ.

ಉಳಿದ ದಾರಿಗಳು

ಪಾಲಿಲ್ಯಾಕ್ಟಿಕ್ ಆಸಿಡ್ ಕೂಡಲೇ ತುಂಬುವ ವಸ್ತುವಲ್ಲ, ನಿಮ್ಮದೇ ಕೊಲ್ಯಾಜನ್ ಬೆಳೆಸುವ ಪುಡಿ. ನೀರಿನಲ್ಲಿ ಕಲಸಿ ಚುಚ್ಚುತ್ತಾರೆ. ಮೊದಲೆರಡು ದಿನ ಮುಖ ತುಂಬಿದಂತಿದ್ದು, ನೀರು ಆರಿದ ಮೇಲೆ ಮತ್ತೆ ಹಳೆಯ ಹಾಗೆ. "ಮೋಸ ಆಯ್ತು" ಎಂದು ಜಗಳಕ್ಕೆ ಹೋಗುವುದು ಈ ಹಂತದಲ್ಲೇ. ನಾಲ್ಕರಿಂದ ಆರು ವಾರಕ್ಕೊಮ್ಮೆ ಎರಡು ಮೂರು ಸಲ ಬೇಕು, ಫಲ ಕಾಣಲು ತಿಂಗಳುಗಳು ಬೇಕು, ಬಾಳಿಕೆ ಎರಡು ವರ್ಷದ ಸುತ್ತ. ಚುಚ್ಚಿದ ಮೇಲೆ 5 ದಿನ, ದಿನಕ್ಕೆ 5 ಸಲ, 5 ನಿಮಿಷ ಉಜ್ಜಬೇಕು. ಉಜ್ಜದಿದ್ದರೆ ಪುಡಿ ಒಂದೆಡೆ ಸೇರಿ ಗಂಟಾಗಬಹುದು. ಇದನ್ನಾಗಲಿ, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬ ಇನ್ನೊಂದು ಬಗೆಯ ಫಿಲ್ಲರ್ ಅನ್ನಾಗಲಿ ಹಯಲುರಾನಿಡೇಸ್ ಕರಗಿಸುವುದಿಲ್ಲ. ಮೊದಲ ಸಲದವರಿಗೆ ಅದಕ್ಕೇ ಇವು ಸರಿಯಲ್ಲ.

ತುಂಬ ಕಡೆ, ತುಂಬ ಆಳಕ್ಕೆ ಬತ್ತಿದ ಮುಖಕ್ಕೆ ಸ್ವಂತ ಕೊಬ್ಬು ಲೆಕ್ಕಕ್ಕೂ ಫಲಕ್ಕೂ ಸೂಕ್ತ. ಹೊಟ್ಟೆ ಅಥವಾ ತೊಡೆಯಿಂದ ಸಿರಿಂಜಿನಲ್ಲಿ ಮೆಲ್ಲಗೆ ಎಳೆದು, ಸೋಸಿ ಅಥವಾ ಯಂತ್ರದಲ್ಲಿ ತಿರುಗಿಸಿ ಎಣ್ಣೆ-ರಕ್ತ ಬೇರೆ ಮಾಡಿ, ಹನಿಹನಿಯಾಗಿ ಹಲವು ಪದರದಲ್ಲಿ ಇಡುತ್ತಾರೆ. ಒಂದೇ ಕಡೆ ಮುದ್ದೆಯಾಗಿ ಇಟ್ಟರೆ ನಡುವಿನದಕ್ಕೆ ರಕ್ತ ಸಿಗದೆ ಸತ್ತು ಎಣ್ಣೆಯ ಗಂಟಾಗುತ್ತದೆ. ಹಾಕಿದ್ದರಲ್ಲಿ ಸುಮಾರು ಶೇ 30ರಿಂದ 70 ಉಳಿಯಬಹುದು, ಎಷ್ಟು ಉಳಿಯಿತೆಂದು ಗೊತ್ತಾಗುವುದು ಮೂರರಿಂದ ಆರು ತಿಂಗಳ ಮೇಲೆ. ಶಸ್ತ್ರಚಿಕಿತ್ಸೆಯ ಕೋಣೆ, ಅರಿವಳಿಕೆ, ಎರಡು ವಾರದ ಊತ ಇದಕ್ಕುಂಟು. ಹಿಂದೆ ಮುಂದೆ ನಾಲ್ಕು ವಾರ ಬೀಡಿ ಸಿಗರೇಟು ಮುಟ್ಟದವರಿಗೆ ಮಾತ್ರ ಇದು. ಒಮ್ಮೆ ಹಿಡಿದ ಕೊಬ್ಬು ಹೊಟ್ಟೆಯ ಕೊಬ್ಬಿನ ಹಾಗೆಯೇ ನಡೆದುಕೊಳ್ಳುತ್ತದೆ: ತೂಕ ಏರಿದರೆ ಕೆನ್ನೆಯೂ ಏರುತ್ತದೆ.

ಎರಡನೇ ಸಲ ಫಿಲ್ಲರ್‌ಗೆ ಹೋಗುವಾಗ ಮೊದಲು ತೆಗೆಸಿದ ಆ ಐದು ಫೋಟೋ ಜೊತೆಗಿರಲಿ, ಅದೇ ಕಿಟಕಿ, ಅದೇ ದೂರದಿಂದ ಹೊಸದನ್ನೂ ತೆಗೆಸಿ. ತುಂಬಿದ ಮುಖಕ್ಕೆ ಕಣ್ಣು ಒಗ್ಗಿಹೋಗುವುದರಿಂದ "ಎಲ್ಲ ಕರಗಿತು" ಅನಿಸುವುದು ಸಹಜ. ಫೋಟೋದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಆ ಸಲ ಹಾಕಿಸಬೇಡಿ, ಆರು ತಿಂಗಳು ಬಿಟ್ಟು ಮತ್ತೆ ಹೋಲಿಸಿ ನೋಡಿ.